ನಾಲ್ಕು ತಿಂಗಳ ಗುಳಿಗಿ

ಮೊದಲೇ ಹೇಳಿಬಿಡ್ತೀನಿ, ನಾ ಬದುಕೀನಿ. ಇದನ್ನ ಯಾರಾದ್ರೂ ದವಾಖಾನಿ ಬೆಂಚಿನ ಮ್ಯಾಲ ಕುಂತು, ಒಳಗ ತಮ್ಮವರನ್ನ ಮಲಗಿಸಿ ಓದಾಕತ್ತಿದ್ರ, ಕಡೀಗೆ ಏನಾತೋ ಅಂತ ಹಾಳಿ ಮಗಚಬ್ಯಾಡ್ರಿ. ಮೊನ್ನೆ ಉಡಿಯಾಗ ಪುಂಡಿಪಲ್ಯ ತುಂಬಕೊಂಡು ಹೊಲದಿಂದ ಮನೀತನಕ ನಡದು ಬಂದೀನಿ, ನಡುವ ಎರಡೇ ಸಲ ಕುಂತೆ. ಆದ್ರ ಅಂಜಿಕಿ ಹೋಗಿಲ್ಲ. ಹೋಗ್ಯದ ಅಂತ ಬರದ್ರ ಸುಳ್ಳಾಗ್ತದ, ಸುಳ್ಳು ಹೇಳಿದ್ದಕ್ಕ ಏನಾತು ಅನ್ನೋದನ್ನ ಬರಿಯಾಕಂತನೇ ನಾ ಕುಂತೀನಿ.

ನನ್ನ ಹೆಸರು ಮಲ್ಲಮ್ಮ. ತೆಲಂಗಾಣದ ಮೊಗುಡಂಪಲ್ಲಿ ಮಂಡಲದ ಒಂದು ಹಳ್ಳಿಯಾಗ ಅಂಗನವಾಡಿ ಟೀಚರ್. ನಮ್ಮ ಹೊಲದ ಬದು ದಾಟಿದ್ರ ಬೀದರ ಜಿಲ್ಲೆ. ದಿನಾ ರಿಜಿಸ್ಟರ್ ಎಲ್ಲಾ ತೆಲುಗಿನಾಗ ಬರೀತೀನಿ, ಕೂಸುಗಳಿಗೆ ಹಾಡು ತೆಲುಗಿನಾಗ ಹೇಳಿಕೊಡ್ತೀನಿ, ಆದ್ರ ಹೊಟ್ಟಿಯಾಗಿನ ಮಾತು ಬರಿಯಾಕ ನಂಗ ಕನ್ನಡನೇ ಬೇಕು. ನಮ್ಮ ಮನಿಯವರು ಬೀರಪ್ಪ, ಕುರಿ ಸಾಕ್ತಾರ, ಜರಾ ಹೊಲಾನೂ ಅದ. ಅವರು ಸಾಲಿ ಕಲಿತಿಲ್ಲ. ನಮಗ ಒಬ್ಬಳೇ ಮಗಳು, ರೇಣುಕಾ, ದಿನಾ ಬಸ್ ಹಿಡದು ಜಹೀರಾಬಾದಿಗೆ ಇಂಟರ್, ಅಂದ್ರ ಪಿಯುಸಿ, ಓದಾಕ ಹೋಗ್ತಾಳ. ಜೋಡಿಗೆ ನಮ್ಮತ್ತಿ. ಬಾಯಿ ಜೋರು, ಮನಸ್ಸು ಅಷ್ಟೇನೂ ಕೆಟ್ಟದ್ದಲ್ಲ.

ಇವರ್ಯಾರಿಗೂ ನಾ ಒಂದು ಮಾತು ಹೇಳಿರಲಿಲ್ಲ. ಮದಿವಿ ಆಗೋ ಮೊದಲು, ನಾರಾಯಣಖೇಡದ ಕಡಿ ನನ್ನ ತವರುಮನಿಯಾಗ ಇದ್ದಾಗ, ನಂಗ ಟಿಬಿ ಆಗಿತ್ತು. ಆಗ ನಂಗ ಹದಿನೇಳು ತುಂಬಿತ್ತು. ಕೆಮ್ಮಿ ಕೆಮ್ಮಿ ಕಡ್ಡಿ ಆಗಿದ್ದೆ. ನಾರಾಯಣಖೇಡದ ದವಾಖಾನಿಗೆ ಹೋದ್ರ ಸಾಲಿನಾಗ ನಿಂತವರೆಲ್ಲ ಗುರ್ತಿನ ಮಂದಿ ಅಂತ ನಮ್ಮವ್ವ ನನ್ನ ಬಸ್ಸಿನಾಗ ಕುಂದರಿಸಿಕೊಂಡು ಬೀದರಿಗೆ ಕರಕೊಂಡು ಹೋದಳು. ಊರಾಗ ಕೇಳಿದವರಿಗೆ ಹಲ್ಲು ತೋರಿಸಾಕ ಅಂದಳು. ತಿಂಗಳಾ ಹಲ್ಲು ತೋರಿಸಾಕ ಹೋಗೋ ಹುಡುಗಿ, ನೋಡ್ರಿ ನಾ. ಅಲ್ಲಿ ಡಾಕ್ಟರು ಆರು ತಿಂಗಳ ಗುಳಿಗಿ ಬರದು, ಒಂದು ಹಳದಿ ಕಾರ್ಡು ಕೊಟ್ಟು, ಒಂದು ದಿನಾನೂ ತಪ್ಪಿಸಬ್ಯಾಡ್ರಿ, ಕಾರ್ಡು ಕಳೀಬ್ಯಾಡ್ರಿ ಅಂತ ಹೇಳಿದ್ರು.

ನಾಲ್ಕನೇ ತಿಂಗಳಿಗೆ ಕೆಮ್ಮು ನಿಂತಿತ್ತು, ಮೈ ಕೈ ತುಂಬಿಕೊಂಡಿದ್ದೆ. ಆಗಲೇ ಈ ಮನಿಯಿಂದ ನೋಡಾಕ ಬಂದ್ರು. ನಮ್ಮ ಮಾವ, ಈಗಿಲ್ಲ ಅವರು, ಹುಡುಗಿಗೆ ಏನರೆ ಜಡ್ಡು ಜಾಪತ್ರಿ ಅದ ಏನ್ರಿ ಅಂತ ಕೇಳಿದ್ರು. ನಮ್ಮವ್ವ ಕಣ್ಣು ಪಿಳಕಿಸಲಿಲ್ಲ, ಗಟ್ಟಿ ಹುಡುಗಿ ರೀ ಅಂದಳು. ಮರುದಿನ ಉಳಿದ ಗುಳಿಗಿ ಒಲಿಗೆ ಹಾಕಿದಳು. ಮದಿವಿ ಗೊತ್ತಾದ ಹುಡುಗಿ ಬೀದರಿಗೆ ಓಡಾಡಿದ್ರ ಮಂದಿ ಸುಮ್ಮನಿರ್ತಾರೇನು? ಆದ್ರ ಕಾರ್ಡು ಮಾತ್ರ ಸುಡಲಿಲ್ಲ. ರೋಗ ಮುಚ್ಚಿಡಾಕ ಅಂಜದಾಕಿ, ಡಾಕ್ಟರು ಕೊಟ್ಟ ಕಾಗದ ಸುಡಾಕ ಅಂಜಿದಳು.

ಅದಾಗಿ ಇಪ್ಪತ್ತು ವರ್ಷ ಆತು. ಇಷ್ಟು ವರ್ಷ ಒಂದು ಸಣ್ಣ ಕೆಮ್ಮು ಬಂದ್ರೂ ನಾ ಸೆರಗಿನಾಗ ಕೆಮ್ಮಿ ಬೆಳಕಿಗೆ ಹಿಡದು ನೋಡ್ತಿದ್ದೆ.

ಈ ಸಲದ ಜಡ್ಡು ಸಂಕ್ರಾಂತಿ ಆಗಿ ಸ್ವಲ್ಪ ದಿನಕ್ಕ ಹತ್ತಿತು. ಅಂಗನವಾಡಿಯಾಗ ಕೂಸುಗಳಿಗೆಲ್ಲ ಮೂಗು ಸೋರತಿತ್ತು, ನಾನೇ ಒರಸ್ತಿದ್ದೆ. ನಂಗೂ ಜ್ವರ ಬಂದ್ವು. ಎರಡು ದಿನ ಗುಳಿಗಿ ನುಂಗಿ ಕೆಲಸಕ್ಕ ಹೋದೆ. ನಾಲ್ಕನೇ ದಿನ ಕಟ್ಟಿ ಏರಬೇಕಂದ್ರ ಎರಡು ಮೆಟ್ಟಲಿಗೆ ನಿಂತೆ, ಉಸುರು ಬರವಲ್ದು. ಅತ್ತಿ ನನ್ನ ಮಾರಿ ನೋಡಿ, ಏ ಬೀರ್ಯಾ, ಇಕಿ ತುಟಿ ನೀಲಿ ಆಗ್ಯಾವ ನೋಡು ಅಂತ ಒದರಿದಳು. ಜಹೀರಾಬಾದಿನಾಗ ಬೆರಳಿಗೆ ಆಕ್ಸಿಜನ್ ಅಳಿಯೋ ಒಂದು ಚಿಮಟಾ ಹಾಕಿದ್ರು, ಅದರಾಗಿನ ನಂಬರ್ ನೋಡಿ ನರ್ಸಮ್ಮ ಆ ಚಿಮಟಾನೇ ಕೆಟ್ಟದೇನೋ ಅಂತ ಇನ್ನೊಂದು ತಂದು ಹಾಕಿದಳು. ಎರಡೂ ಒಂದೇ ಹೇಳಿದ್ವು. ಎದಿ ಫೋಟೋದಾಗ ಕರಿ ಇರಬೇಕಾದಲ್ಲಿ ಬೆಳ್ಳಗ ಆಗಿತ್ತು. ಇಲ್ಲಿ ಆಗಂಗಿಲ್ಲ, ಹೈದ್ರಾಬಾದಿಗೆ ಒಯ್ಯಿರಿ ಅಂದ್ರು.

ಆ ಆಂಬುಲೆನ್ಸಿನಾಗ ನಾ ರೋಡು ನೋಡಲಿಲ್ಲ, ಮ್ಯಾಲಿನ ಸಿಲಿಂಡರಿನ ಮುಳ್ಳು ನೋಡಕೋತ ಹೋದೆ. ಅದು ಕೆಳಗ ಇಳದಂಗ ನನ್ನ ಜೀವಾನೂ ಇಳೀತಿತ್ತು. ಎದುರಿಗೆ ನಮ್ಮವ್ವ ಕುಂತಿದ್ದಳು, ಸುದ್ದಿ ಕೇಳಿ ಮುಂಜಾನಿನೇ ಬಂದಿದ್ದಳು. ಆಕಿ ಕಣ್ಣಾಗ ನೀರಿಲ್ಲ. ನಂಗ ಗೊತ್ತಿತ್ತು ಆಕಿ ಏನು ವಿಚಾರ ಮಾಡಾಕತ್ತಾಳ ಅಂತ. ಇಬ್ಬರಿಗೂ ಒಂದೇ ವಿಚಾರ: ಅದೇ ತಿರುಗಿ ಬಂತೇನು?

ದೊಡ್ಡ ದವಾಖಾನಿಯಾಗ ಮೂಗಿನಾಗ ಕಡ್ಡಿ ಹಾಕಿ ನೋಡಿ, ಫ್ಲೂ ವೈರಸ್, ಪುಪ್ಪುಸಕ್ಕ ಇಳದದ ಅಂದ್ರು. ಅದಲ್ಲ ಅಂತ ಗೊತ್ತಾದಾಗ ನಂಗ ಖುಷಿ ಆತು. ಸಾಯೋ ಹಂಗಿದ್ದಾಕಿ ಯಾವ ರೋಗದಿಂದ ಸಾಯ್ತೀನಿ ಅಂತ ಖುಷಿ ಪಟ್ಟೆ, ಈಗ ನೆನಿಸಿಕೊಂಡ್ರ ನನ್ನ ಮ್ಯಾಲ ನಂಗೇ ಸಿಟ್ಟು ಬರ್ತದ. ಮಾರಿಗೆ ಬಿಗಿಯಾದ ಮಾಸ್ಕು, ಅದರಾಗ ಗಾಳಿ ರಭಸಲೇ ಬರ್ತಿತ್ತು. ಮಾತಾಡಬೇಕಂದ್ರ ಅದನ್ನ ತಗೀಬೇಕು, ತಗದ್ರ ಮಿಷನ್ನು ಕೂಗ್ತದ. ದಿನಕ್ಕ ಇಷ್ಟು ತಾಸು ಬೋರಲ ಮಲಗು ಅನ್ನೋರು. ಬೋರಲ ಮಲಗಿ ನಾ ಉಸುರು ಎಣಸ್ತಿದ್ದೆ. ನೂರು ಎಣಸಿದ್ರ ಇನ್ನೊಂದು ನೂರು ಬದುಕಬಹುದು ಅನಿಸ್ತಿತ್ತು. ನಡುವ ಲೆಕ್ಕ ತಪ್ಪಿದ್ರ ಮತ್ತ ಒಂದರಿಂದ ಸುರು ಮಾಡ್ತಿದ್ದೆ.

ಬಾಜು ಮಂಚದಾಗ ಸಂಗಮ್ಮ ಅಂತ, ತಾಂಡೂರ ಕಡಿ ಯಾಲಾಲದ ಹತ್ತರ ಒಂದು ಹಳ್ಳಿಯಾಕಿ, ನನಗಿಂತ ಹತ್ತು ವರ್ಷಕ್ಕ ದೊಡ್ಡಾಕಿ. ಆಕೀಗೂ ಅದೇ ಜಡ್ಡು, ನನಗಿಂತ ಎರಡು ದಿನ ಮೊದಲು ಬಂದಿದ್ದಳು. ಕೊರಳಾಗಿನ ಲಿಂಗ ಬೋರಲ ಮಲಗಿದಾಗ ಎದಿಗೆ ಒತ್ತತದ, ತಗದು ಮನಿಯವರ ಕೈಯಾಗ ಕೊಡಮ್ಮ ಅಂತ ನರ್ಸು ಹೇಳಿದ್ರ ಕೇಳಲಿಲ್ಲ. ಮೈಮ್ಯಾಲಿಂದ ಅದು ಹ್ಯಾಂಗ ತಗೀಲಿ ಅಂತ ವಸ್ತ್ರದಾಗ ಸುತ್ತಿ ರಟ್ಟಿಗೆ ಕಟಗೊಂಡಳು. ನಾ ಬಂದ ಮೊದಲನೇ ದಿನ, ನನ್ನ ಕನ್ನಡ ಕೇಳಿ ಆಕಿ ಮಾಸ್ಕಿನೊಳಗಿಂದಲೇ ಕೈ ಎತ್ತಿ ತೋರಿಸಿದಳು, ನಾ ಇದೀನಿ ಅನ್ನೋ ಹಂಗ. ಅಷ್ಟು ಮಂದಿ ನಡುವ ಒಂದು ಕೈ ಎಷ್ಟು ಧೈರ್ಯ ಕೊಡ್ತದ ಅನ್ನೋದು ಅಲ್ಲಿ ಮಲಗಿದವರಿಗೇ ಗೊತ್ತು.

ಎರಡನೇ ದಿನ ಮುಂಜಾನಿ ಒಬ್ಬ ಸಣ್ಣ ವಯಸ್ಸಿನ ಡಾಕ್ಟರಮ್ಮ ಫೈಲು ಹಿಡಕೊಂಡು ಬಂದ್ಲು. ನಮ್ಮ ಮನಿಯವರನ್ನೂ ಅವ್ವನನ್ನೂ ಒಳಗ ಕರೆಸಿ, ತೆಲುಗಿನಾಗ ನಿಧಾನ ಹೇಳಿದಳು. ವೈರಸ್ಸಿನ ಜೋಡಿ ಹೊಡದಾಡಾಕ ಮೈಯಾಗ ಒಂದು ಕಾವಲು ಇರ್ತದಂತ. ಇಕಿ ಮೈಯಾಗ ಆ ಕಾವಲು ಸಿಟ್ಟಿಗೆದ್ದು ತನ್ನ ಮನಿನೇ ಮುರಿಯಾಕತ್ತದ. ಕಾವಲಿನ ಕೈ ಕಟ್ಟೋದೊಂದು ಔಷಧ ಅದ, ಬ್ಯಾರೆ ರೋಗಕ್ಕ ಕೊಡ್ತಾರ. ಈ ರೋಗಕ್ಕ ಕೆಲಸ ಮಾಡ್ತದೋ ಇಲ್ಲೋ ಇನ್ನೂ ಗೊತ್ತಿಲ್ಲ, ನೋಡಾಕತ್ತೀವಿ. ಒಪ್ಪಿದವರಿಗೆ ನಂಬರ್ ಬರದ ಬಾಟ್ಲಿ ಹಚ್ಚತೀವಿ, ಕೆಲವು ಬಾಟ್ಲಿಯಾಗ ಔಷಧ, ಕೆಲವುದರಾಗ ಬರೇ ಉಪ್ಪು ನೀರು. ಯಾವುದರಾಗ ಏನದ ನಂಗೂ ಗೊತ್ತಾಗಂಗಿಲ್ಲ, ನಿಮಗೂ ಗೊತ್ತಾಗಂಗಿಲ್ಲ. ಬಾಕಿ ಆರೈಕಿ ಎಲ್ಲರಿಗೂ ಒಂದೇ. ಬ್ಯಾಡ ಅಂದ್ರೂ ನಡೀತದ, ಯಾರೂ ಸಿಟ್ಟಾಗಂಗಿಲ್ಲ.

ಅವ್ವಗ ಅರ್ಥನೇ ಆಗಲಿಲ್ಲ, ಬರೇ ನೀರು ಯಾಕ ಕೊಡ್ತಾರ ಅಂತ ಮಾರಿ ಮಾರಿ ನೋಡಿದಳು. ಸಾಲಿ ಮೆಟ್ಟಲು ಹತ್ತದ ನಮ್ಮ ಮನಿಯವರಿಗೆ ಮಾತ್ರ ತಟಕ್ನ ತಿಳೀತು. ಅವರು ಡಾಕ್ಟರಮ್ಮಗ ಕುರಿ ಸಂಗತಿ ಹೇಳಿದ್ರು. ಜಂತಿನ ಔಷಧ ಹೊಸಾದು ಬಂದ್ರ ಇಡೀ ಹಿಂಡಿಗೆ ಕುಡಸಂಗಿಲ್ಲ ನಾವು. ಹತ್ತು ಕುರಿಗೆ ಕುಡಿಸಿ ಬೆನ್ನಿಗೆ ಕೆಂಪು ಬಣ್ಣ ಹಚ್ಚಿ ಬಿಡ್ತೀವಿ, ಅಂಥವೇ ಇನ್ನ ಹತ್ತು ಹಂಗೇ ಬಿಡ್ತೀವಿ. ಎಲ್ಲಾ ಒಂದೇ ಅಡವಿಯಾಗ ಮೇಯ್ತಾವ. ಹದಿನೈದು ದಿನಕ್ಕ ಬಣ್ಣದವು ಹ್ಯಾಂಗವ, ಬಣ್ಣ ಇಲ್ಲದವು ಹ್ಯಾಂಗವ ನೋಡ್ತೀವಿ. ಇದೂ ಅದೇ ಅಲ್ಲೇನ್ರಿ? ಡಾಕ್ಟರಮ್ಮ ಮೊದಲ ಸಲ ನಕ್ಕಳು. ನನ್ನ ಕಾಗದಕ್ಕಿಂತ ಛಲೋ ಹೇಳಿದ್ರಿ ನೀವು, ನಮ್ಮಲ್ಲಿ ಬಣ್ಣ ಯಾರಿಗೂ ಕಾಣಂಗಿಲ್ಲ ಅಷ್ಟೇ ಅಂದಳು.

ಅವರು ಖುಷಿಯಿಂದ ಹೇಳಿದ್ರು. ಹಂಗಂದ್ರ ನಾ ಬಣ್ಣ ಹಚ್ಚೋ ಕುರಿ.

ಆಮ್ಯಾಲ ಆಕಿ ಒಂದೊಂದೇ ಕೇಳಾಕ ಹತ್ತಿದಳು. ಸಕ್ಕರಿ ಜಡ್ಡು? ಇಲ್ಲ. ಬಸುರಿ? ಇಲ್ಲ. ಲಿವರಿನ ಜಡ್ಡು? ಇಲ್ಲ. ಯಾವಾಗರೆ ಟಿಬಿ ಆಗಿತ್ತೇನು?

ನಾ ಮಾಸ್ಕಿನಾಗ. ನಮ್ಮ ಮನಿಯವರು ನನ್ನ ಕಡಿ ನೋಡಲೂ ಇಲ್ಲ. ಎದಿ ಉಬ್ಬಿಸಿ, ಇಡೀ ವಾರ್ಡಿಗೆ ಕೇಳೋ ಹಂಗ ಹೇಳಿದ್ರು:

“ಏ, ಇಲ್ರಿ. ಅಂಥಾ ರೋಗ ನಮ್ಮ ಮನಿತನದಾಗ ಯಾರಿಗೂ ಬಂದಿಲ್ಲ.”

ಅವರ ಹಿಂದ ನಿಂತ ಅವ್ವ ನನ್ನ ನೋಡಿ ಸಣ್ಣಾಗಿ ತಲಿ ಅಲ್ಲಾಡಿಸಿದಳು. ಬ್ಯಾಡ.

ಡಾಕ್ಟರಮ್ಮ ಬರಕೊಂಡಳು. ಹೋಗೋ ಮುಂದ ನಿಂತು ಇನ್ನೊಂದು ಮಾತು ಹೇಳಿದಳು. ಕಾವಲಿನ ಕೈ ಕಟ್ಟಿದ್ರ, ಮೈಯಾಗ ಹಳೇ ರೋಗ ಏನರೆ ಮಲಗಿದ್ರ ಅದು ಏಳಬಹುದು, ಅದಕ್ಕ ಇಷ್ಟು ಕೇಳ್ತೀವಿ, ಮತ್ತೊಮ್ಮೆ ವಿಚಾರ ಮಾಡ್ರಿ, ಮಧ್ಯಾಹ್ನ ಬಂದು ಸಹಿ ತಗೋತೀನಿ. ಸಂಗಮ್ಮ ಹಿಂದಿನ ದಿನನೇ ಒಪ್ಪಿ ಸಹಿ ಹಾಕಿದ್ದಳಂತ, ಆಕಿ ಸ್ಟ್ಯಾಂಡಿನ ಮ್ಯಾಲ ನಂಬರಿನ ಬಾಟ್ಲಿ ತೂಗತಿತ್ತು. ನಾ ಅದನ್ನೇ ನೋಡಕೋತ ಮಲಗಿದೆ. ಅದು ಬೇಕು ಅನಿಸ್ತಿತ್ತು. ಮೈ ಎಲ್ಲಾ ಬೇಕು ಬೇಕು ಅಂತಿತ್ತು. ಅದರಾಗ ಔಷಧ ಇದ್ರ ನಾ ರೇಣುಕಾನ ಮಾರಿ ನೋಡ್ತೀನಿ. ಆದ್ರ ನಂದು ಆರು ತಿಂಗಳು ಮುಗಿದಿಲ್ಲ, ನಾಕಕ್ಕೇ ನಿಂತದ. ಆ ಎರಡು ತಿಂಗಳಿನ ರೋಗ ಒಳಗ ಎಲ್ಲಿ ಕಣ್ಣು ಮುಚ್ಚಿಕೊಂಡು ಕುಂತದೋ. ಹೇಳಿದ್ರ ಬಾಟ್ಲಿ ಹೋತು, ಮನಿನೂ ಹೋತು. ಗಂಡನ ಮನಿಗೆ ಸುಳ್ಳು ಹೇಳಿ ಬಂದಾಕಿ ಅಂತ ಹೆಸರು, ನಾಳೆ ಮಗಳನ್ನ ನೋಡಾಕ ಬಂದವರು ತಾಯೀದೂ ಕೇಳ್ತಾರ. ಹೇಳದಿದ್ರ ಬಾಟ್ಲಿ ಬರ್ತದ, ಅದರ ಜೋಡಿ ಏನು ಬರ್ತದೋ. ಯಾವ ಕಡಿ ಹೊರಳಿದ್ರೂ ಸಾವು ಕಾಣತಿತ್ತು.

ಅವ್ವ ನನ್ನ ಕಾಲು ತಿಕ್ಕಿದಂಗ ಮಾಡಿ ಬಗ್ಗಿ, ಸುಮ್ಮನಿರು, ಇಪ್ಪತ್ತು ವರ್ಷ ಆತು, ಅದು ಯಾವಾಗೋ ಸತ್ತು ಹೋಗ್ಯದ ಅಂದಳು.

ಊಟದ ಹೊತ್ತಿಗೆ ಒಬ್ಬರನ್ನೇ ಬಿಡ್ತಿದ್ರು. ನಮ್ಮ ಮನಿಯವರು ಬಂದು ಚಮಚದಲೇ ಗಂಜಿ ಕುಡಿಸಿದ್ರು, ಮಾಸ್ಕು ಜರಾ ಎತ್ತೋದು, ಒಂದು ಚಮಚ, ಮತ್ತ ಹಾಕೋದು. ನಾ ಅಂಜೀನಿ ಅಂತ ಅವರಿಗೆ ಗೊತ್ತಾಗಿತ್ತು. ಸಮಾಧಾನ ಮಾಡಾಕ ಅವರಿಗೆ ಬರೋದು ಒಂದೇ ಮಾತು, ಕುರಿ ಮಾತು. ಡಾಕ್ಟರಮ್ಮ ಶಾಣ್ಯಾಕಿ ಇದ್ದಾಳ ಅಂದ್ರು. ಔಷಧ ಕುಡಿಸೋ ಮೊದಲು ಗಬ್ಬದ ಕುರಿ ಬ್ಯಾರೆ ಮಾಡ್ತೀವಲ್ಲ, ಹಂಗ ಕೇಳಿ ಕೇಳಿ ಬ್ಯಾರೆ ಮಾಡ್ತಾಳ. ನಾನೂ ನನ್ನ ಜೋಡಿ ಕುರಿ ಕಾಯೋ ತಮ್ಮಗ ಮೂರು ಸಲ ಕೇಳ್ತೀನಿ, ಇದು ಗಬ್ಬ ಅದ ಏನೋ, ಖರೇ ಹೇಳು, ಮತ್ತೊಮ್ಮೆ ಹೊಟ್ಟಿ ಮುಟ್ಟಿ ನೋಡು ಅಂತ. ಒಂದು ವರ್ಷ ಅವ ಬ್ಯಾಸರಕ್ಕ ಇಲ್ಲ ಅಂದ, ನಾ ನಂಬಿ ಕುಡಿಸಿದೆ. ನೆಪ್ಪದ ಏನು ನಿಂಗ, ಆ ಕಿವಿ ಸೀಳಿದ ಕುರಿ? ಕಂದು ಹಾಕಿ ತಾನೂ ಸತ್ತಿತು. ಔಷಧದ್ದೇನೂ ತಪ್ಪಿಲ್ಲ ಅದರಾಗ.

ಇಷ್ಟು ಹೇಳಿ ಅವರು ನನ್ನ ಗದ್ದ ಒರಸಿದ್ರು. ನಂಗ ಅಳು ತಡೀಲಿಲ್ಲ. ಮಾಸ್ಕಿನೊಳಗ ಅತ್ರ ಏನಾಗ್ತದ ಗೊತ್ತೇನ್ರಿ? ಕಣ್ಣೀರು ಮೂಗಿಗೆ ಇಳೀತದ, ಉಸುರು ಕಟ್ಟತದ, ಮಿಷನ್ನು ಕೂಗ್ತದ, ನರ್ಸು ಓಡಿ ಬಂದು ಬೈತಾಳ. ಹಾಯಾಗಿ ಅಳಾಕೂ ಪುಣ್ಯ ಬೇಕು.

ಮಧ್ಯಾಹ್ನ ಡಾಕ್ಟರಮ್ಮ ಬಂದಾಗ ನಾ ಪೆನ್ನು ಕೇಳಿದೆ, ಕೈ ಸನ್ನಿ ಮಾಡಿ. ಸಹಿ ಮಾಡಾಕ ಅಂತ ಕೊಟ್ಟಳು. ನಾ ಹಾಳಿ ತಿರುವಿ ಹಿಂದಿನ ಕಡಿ ತೆಲುಗಿನಾಗ ಬರದೆ: ನಂಗ ಹದಿನೇಳು ವರ್ಷಕ್ಕ ಟಿಬಿ ಆಗಿತ್ತು, ನಾಲ್ಕು ತಿಂಗಳು ಗುಳಿಗಿ ತಗೊಂಡು ಬಿಟ್ಟೆ. ಆಕಿ ಓದಿ, ಜೋರಾಗಿ ಓದಲಿಲ್ಲ. ಬಗ್ಗಿ ನನ್ನ ಕಿವಿಯಾಗ, ಇವರಿಗೆ ಗೊತ್ತೇನು ಅಂದಳು. ಇಲ್ಲ ಅಂತ ತಲಿ ಅಲ್ಲಾಡಿಸಿದೆ. ಆಕಿ ಹಾಳಿ ಮಡಚಿ ಫೈಲಿನಾಗ ಇಟಗೊಂಡು, ನಮ್ಮ ಮನಿಯವರಿಗೆ, ಇವರಿಗೆ ಈ ಬಾಟ್ಲಿ ಬ್ಯಾಡ, ಇವರಿಗೆ ಇದು ಹೊಂದಂಗಿಲ್ಲ ಅಂತ ಅಷ್ಟೇ ಹೇಳಿದಳು. ಯಾಕ ಅಂತ ಅವರು ಕೇಳಿದ್ರು. ಅದು ಅವರ ಮಾತು, ಹೇಳಿದ್ರ ಅವರೇ ಹೇಳಬೇಕು, ನಾ ಹೇಳಂಗಿಲ್ಲ ಅಂದಳು.

ಅಲ್ಲಿಗೇ ಬಿಡಬಹುದಿತ್ತು ನಾ. ಸಾಲಿ ಕಲಿಯದ ಗಂಡ, ಏನು ಬರದೀನಿ ಅಂತ ಓದಾಕ ಬರಂಗಿಲ್ಲ. ಏನೋ ಒಂದು ಹೇಳಿದ್ರ ಮುಗೀತಿತ್ತು. ಆದ್ರ ಅವರು ಕೈ ಮುಗದು ಡಾಕ್ಟರಮ್ಮನ ಮುಂದ ನಿಂತ್ರು. ನಾವು ಹಳ್ಳಿಯವರು ಅಂತ ಬ್ಯಾಡ ಅನ್ನಬ್ಯಾಡ್ರಿ, ನಮಗೂ ಆ ಬಾಟ್ಲಿ ಹಚ್ಚಿರಿ ಅಂತ ಬೇಡಿಕೊಳ್ಳಾಕ ಹತ್ತಿದ್ರು. ನನ್ನ ಸುಳ್ಳಿಗೆ ಅವರು ಕೈ ಮುಗಿಯೋದು ನಂಗ ನೋಡಾಕ ಆಗಲಿಲ್ಲ. ಮಾಸ್ಕು ಕಿತ್ತೆ.

“ನಂಗ ಟಿಬಿ ಆಗಿತ್ತು ರೀ. ಮದಿವಿ ಮೊದಲು. ಹೇಳಲಿಲ್ಲ.”

ಮಿಷನ್ನು ಕೂಗಾಕ ಹತ್ತಿತು. ಡಾಕ್ಟರಮ್ಮ ಮಾಸ್ಕು ಹಿಡದು ಮಾರಿಗೆ ಒತ್ತಿದಳು. ನಮ್ಮ ಮನಿಯವರ ಮುಗಿದ ಕೈ ಹಂಗೇ ಇತ್ತು. ಎಷ್ಟು ತಿಂಗಳು ಗುಳಿಗಿ ತಗೊಂಡಿ ಅಂತ ಕೇಳಿದ್ರು. ನಾಕು ಬೆರಳು ತೋರಿಸಿದೆ. ಎಷ್ಟು ತಗೋಬೇಕಿತ್ತು? ಆರು ತೋರಿಸಿದೆ. ಆವಾಗಿನ ದವಾಖಾನಿ ಕಾಗದ ಏನರೆ ಇದ್ರ ಛಲೋ ಇತ್ತು, ಮುಂದ ಯಾವ ಔಷಧ ಕೊಡಬೇಕು ಯಾವುದು ಬ್ಯಾಡ ಅಂತ ನಮಗ ತಿಳೀತಿತ್ತು ಅಂತ ಡಾಕ್ಟರಮ್ಮ ತನ್ನಷ್ಟಕ್ಕ ತಾನೇ ಅಂದಳು. ನಮ್ಮ ಮನಿಯವರು ಹೆಗಲ ಮ್ಯಾಲಿನ ಟವೆಲ್ ತಗದು ಮಾರಿ ಒರಸಿಕೊಂಡು ಹೊರಗ ಹೋದ್ರು. ನನ್ನ ನೋಡಲಿಲ್ಲ.

ಸಂಜಿ ಬರಲಿಲ್ಲ. ಮರುದಿನ ಮುಂಜಾನಿನೂ ಬರಲಿಲ್ಲ. ಅವ್ವ ಒಬ್ಬಾಕಿನೇ ಬಂದಳು. ಮಾರಿ ಬಾಡಿತ್ತು. ಬೀರಪ್ಪ ಹೊರಗ ಬಂದು, ಕಾಗದ ಏನರೆ ಉಳದದೇನು ಅಂತ ಒಂದೇ ಮಾತು ಕೇಳಿದ, ನಾ ತಡಬಡಿಸಿ ನಮ್ಮ ಮನಿ ಟ್ರಂಕಿನಾಗ ನನ್ನ ಮದಿವಿ ಸೀರಿ ಬುಡಕ ಅದ ಅಂದೆ, ಹೋದವ ಹೋದ, ಫೋನು ಹತ್ತವಲ್ದು ಅಂದಳು. ಅದನ್ನ ಒಯ್ದು ಅವರವ್ವನ ಮುಂದ ಇಡ್ತಾನ, ನಾಳೆ ಕುಲಸ್ಥರನ್ನ ಕೂಡಸ್ತಾನ, ನಿನ್ನ ಬಾಳೇ ಮುಗೀತು ಅಂತ ಎದಿ ಎದಿ ಬಡಕೊಂಡಳು. ನಂಗೂ ಹಂಗೇ ಅನಿಸ್ತು. ಬ್ಯಾರೆ ಏನು ಅನಿಸಬೇಕಿತ್ತು?

ಆ ದಿನ ನನ್ನ ಬೆರಳಿನ ಚಿಮಟಾದಾಗಿನ ನಂಬರ್ ಇಳಿಯಾಕ ಹತ್ತಿತು. ಹತ್ತು ಗಂಟೆಗೆ ಒಂದು, ಹನ್ನೊಂದಕ್ಕ ಅದಕ್ಕಿಂತ ಕಡಿಮಿ. ದೊಡ್ಡ ಡಾಕ್ಟರು ಬಂದು ಕಾಲ ಬುಡಕ ನಿಂತು, ಸಂಜೀತನಕ ನೋಡೋಣು, ಇಲ್ಲಂದ್ರ ಗಂಟಲಾಗ ಪೈಪ್ ಹಾಕಬೇಕಾಗ್ತದ, ಗಂಡನ ಸಹಿ ಬೇಕು ಅಂದ್ರು. ಗಂಡ ಎಲ್ಲಿ? ಯಾರಿಗೂ ಗೊತ್ತಿಲ್ಲ. ಪೈಪ್ ಹಾಕಿಸಿಕೊಂಡು ಆ ಕಡಿ ಕ್ವಾಣಿಗೆ ಹೋದ ಮುದುಕಪ್ಪ ಒಬ್ಬ ಮುಂಜಾನಿ ಬಿಳಿ ಬಟ್ಟಿಯಾಗ ಹೊರಗ ಹೋಗಿದ್ದ, ನಾ ನೋಡಿದ್ದೆ. ನಂಗ ಅಷ್ಟು ಅಂಜಿಕಿ ಆಗಿತ್ತು, ಮೂತ್ರ ಹೋದದ್ದೂ ಗೊತ್ತಾಗಲಿಲ್ಲ. ಆಯಾ ಬಂದು ಒಂದು ಮಾತೂ ಆಡದಂಗ ಬಟ್ಟಿ ಬದಲಿಸಿ, ನನ್ನ ಜಡಿ ಬಿಚ್ಚಿ ಹಣಗಿಲೇ ಬಾಚಿ ಹೆಣೆದಳು. ಯಾಕ ಬಾಚಿದಳೋ. ಆಕಿ ಹೆಸರು ನಾ ಕೇಳಲಿಲ್ಲ, ಆ ಪಾಪ ನನ್ನ ಮ್ಯಾಲ ಅದ.

ಹೇಳಬಾರದಿತ್ತು ಅನಿಸ್ತು. ಮುಚ್ಚಿಡದ ಬರೀತೀನಿ, ಹಂಗೇ ಅನಿಸ್ತು. ಸುಮ್ಮನಿದ್ರ ಬಾಟ್ಲಿನೂ ಇರತಿತ್ತು, ಗಂಡನೂ ಇರತಿದ್ದ. ಸಂಗಮ್ಮ ಆ ಹೊತ್ತಿಗೆ ಎದ್ದು ಕುಂತು ಚಹಾ ಕುಡಿಯಾಕತ್ತಿದ್ದಳು, ನಂಗ ಆಕಿ ಮ್ಯಾಲ ಹೊಟ್ಟಿಕಿಚ್ಚು ಆತು.

ಮೂರು ಗಂಟೆ ಸುಮಾರಿಗೆ ಅವರು ಬಂದ್ರು. ಕಾಲಿಗೆ ಮಣ್ಣು, ಅಂಗಿ ಮುದ್ದಿ ಮುದ್ದಿ. ಕೈಯಾಗ ಬಿತ್ತೋ ಬೀಜದ ಪ್ಲಾಸ್ಟಿಕ್ ಕವರು, ಅದರಾಗ ಹಳದಿ ಕಾರ್ಡು. ಬಸ್ಸಿನಾಗ ಜಹೀರಾಬಾದು, ಅಲ್ಲಿಂದ ನಾರಾಯಣಖೇಡ, ಅಲ್ಲಿಂದ ಯಾರದೋ ಗಾಡಿ ಹಿಂದ ಕುಂತು ನಮ್ಮ ತವರುಮನಿ. ಹಂಗೇ ತಿರುಗಿ ಬಂದಿದ್ರು. ಫೋನಿನಾಗ ಚಾರ್ಜ್ ಇದ್ದಿಲ್ಲ. ಡಾಕ್ಟರಮ್ಮನ ಹುಡಿಕಿ ಕರಕೊಂಡು ಬಂದು ಕಾರ್ಡು ಕೈಗೆ ಕೊಟ್ರು. ನಾ ಈಗ ಆಕಿ ಪರೀಕ್ಷಿ ಒಳಗಿನ ಪೇಶಂಟ್ ಅಲ್ಲ, ಆದ್ರೂ ಬಂದಳು. ಕಾರ್ಡಿನಾಗ ನಾಲ್ಕು ಸಾಲು ತುಂಬ ಗೀಟು, ಎರಡು ಸಾಲು ಖಾಲಿ. ಆಕಿ ಅದರ ಫೋಟೋ ತಗೊಂಡು ದೊಡ್ಡ ಡಾಕ್ಟರ ಕಡಿ ಓಡಿದಳು.

ಅವರು ನನ್ನ ತಲಿ ಹತ್ತರ ಬಂದು ನಿಂತ್ರು. ಬೈತಾರ ಅಂತ ಕಣ್ಣು ಮುಚ್ಚಿದೆ. ಆಮ್ಯಾಲ ದನಿ ಒಡದು ಬಂತು.

“ಕುರಿದು ಮೂರು ಸಲ ಕೇಳ್ತೀನಿ. ನಿಂದು ಒಂದು ಸಲಾನೂ ಕೇಳಲಿಲ್ಲ ನಾ. ನಾನೇ ಇಲ್ಲ ಅಂದುಬಿಟ್ಟೆ.”

ನಾ ಅವರ ಬೆರಳು ಹಿಡಕೊಂಡೆ. ಬಿಡಲಿಲ್ಲ. ಪೈಪಿನ ಕಾಗದಕ್ಕ ಎಡಗೈ ಹೆಬ್ಬೆಟ್ಟು ಒತ್ತಿದ್ರು, ಬಲಗೈ ನನ್ನ ಹತ್ತರ ಇತ್ತು ಅಂತ.

ಆ ಪೈಪ್ ಹಾಕೋ ಪ್ರಸಂಗ ಬರಲಿಲ್ಲ. ಔಷಧ ಏನೋ ಬದಲಿಸಿದ್ರು, ಬೋರಲ ಮಲಗಿಸಿದ್ರು, ಮರುದಿನ ಮುಂಜಾನಿ ನಂಬರ್ ಒಂದು ಏರಿತು. ಅದರ ಮರುದಿನ ಎರಡು. ಯಾವುದರಿಂದ ಏರಿತು ಅಂತ ನಾ ಕೇಳಿದೆ, ಡಾಕ್ಟರಮ್ಮ ಖರೇ ಹೇಳಿದಳು, ಗೊತ್ತಿಲ್ಲ ಅಂದಳು. ಆ ಬಾಟ್ಲಿ ಹಚ್ಚಿದ್ರ ನಾ ಲಗೂ ಆರಾಮ ಆಗ್ತಿದ್ದೆನೇನು? ಅದೂ ಗೊತ್ತಿಲ್ಲ, ಗೊತ್ತಿದ್ರ ನಾವು ಪರೀಕ್ಷಿ ಯಾಕ ಮಾಡ್ತಿದ್ವಿ ಅಂದಳು. ಕಫ ಮೂರು ಸಲ ನೋಡಿದ್ರು, ಟಿಬಿ ಸಿಗಲಿಲ್ಲ. ಎದಿಯಾಗ ಹಳೇ ಕಲಿ ಒಂದು ಅದ, ಮಲಗ್ಯದ, ಮೂರು ತಿಂಗಳಿಗೊಮ್ಮೆ ಜಹೀರಾಬಾದಿನಾಗ ತೋರಸ್ರಿ ಅಂದ್ರು. ಸಂಗಮ್ಮ ನನಗಿಂತ ಮೊದಲು ಮನೀಗೆ ಹೋದಳು. ಈಗಲೂ ಫೋನು ಮಾಡ್ತಾಳ. ನಂಗ ಔಷಧ ಬಂತೋ ಉಪ್ಪು ನೀರು ಬಂತೋ ಇನ್ನೂ ಹೇಳಿಲ್ಲವ್ವ, ಶಿವಗೇ ಗೊತ್ತು ಅಂತ ನಗತಾಳ. ನಿಂಗ ಗೊತ್ತಾದ ದಿನ ನಂಗೂ ಹೇಳು ಅಂದೀನಿ. ಯಾಕಂದ್ರ ಮುಂದ ಬರೋ ಯಾವಾಕಿಗೋ ಅದು ಬೇಕಾಗ್ತದ.

ಮನೀಗೆ ಬಂದ ದಿನ ಅತ್ತಿ ನನ್ನ ಕಟ್ಟಿ ಮ್ಯಾಲ ಕುಂದರಿಸಿ, ನೀರು ನಿವಾಳಿಸಿ ಚೆಲ್ಲಿದಳು. ಆಕಿಗೆ ಎಲ್ಲಾ ಹೇಳಿದ್ರು ಮಗ. ನಾ ತಲಿ ತಗ್ಗಿಸಿ ಕುಂತಿದ್ದೆ. ಅಂದಳು:

“ಆವಾಗ ಹೇಳಿದ್ರ ನಿನ್ನ ನಾ ತರತಿದ್ದಿಲ್ಲ. ಖರೇ ಹೇಳ್ತೀನಿ. ಹೇಳಲಾರದ್ದು ಛಲೋ ಆತು. ಆದ್ರ ಇನ್ನ ಮ್ಯಾಲ ಏನರೆ ಮುಚ್ಚಿಟ್ಟಿ ಅಂದ್ರ ನೋಡು.”

ಎರಡು ವಾರ ನನ್ನ ತಾಟು ಬ್ಯಾರೆ ಇಟ್ಟಳು. ಆಮ್ಯಾಲ ಮರೆತಳು. ಅಷ್ಟೇ.

ನಾ ಬದುಕಿದ್ದು ಹೇಳಿದ್ರಿಂದ ಅಂತ ನಾ ಹೇಳಂಗಿಲ್ಲ, ಗೊತ್ತಿಲ್ಲದ್ದು ಹ್ಯಾಂಗ ಹೇಳಲಿ. ಆದ್ರ ಮೊದಲನೇ ಸಲ ಮೂರು ತಿಂಗಳಿನ ಎದಿ ಫೋಟೋಕ್ಕ ಜಹೀರಾಬಾದಿಗೆ ಹೋದ ದಿನದ ಮಾತು ಹೇಳಿ ಮುಗಸ್ತೀನಿ. ಹಿಂದಿನ ದಿನದಿಂದನೇ ನಂಗ ಊಟ ಸೇರಿದ್ದಿಲ್ಲ. ದವಾಖಾನಿಯಾಗ ಚೀಟಿ ಬರಿಸೋ ಕಿಟಕಿ ಮುಂದ ಉದ್ದ ಸಾಲು. ನಮ್ಮ ಹಿಂದನೇ ಝರಾಸಂಗಮದ ಕಡಿಯ ನಮ್ಮ ಬೀಗರ ಪೈಕಿ ಹೆಣ್ಣುಮಗಳು ನಿಂತಿದ್ದಳು, ಅದೇ ವಾರ ತಮ್ಮ ಕಡಿಯ ಒಬ್ಬ ಹುಡುಗಗ ನಮ್ಮ ರೇಣುಕಾನ ಕೇಳಾಕ ಮಂದಿ ಕಳಿಸಿದ್ದಾಕಿ. ಓದು ಮುಗೀಲಿ ಅಂತ ನಾವು ಹೇಳಿ ಕಳಿಸಿದ್ವಿ, ಆದ್ರೂ ಆಕಿ ನನ್ನ ನೋಡಿ ನಕ್ಕು, ಏನಾಗ್ಯದವ್ವ ಮಲ್ಲಮ್ಮ ಅಂತ ಹತ್ತರ ಬಂದು ಕಿವಿ ಕೊಟ್ಟು ನಿಂತಳು. ಕಿಟಕಿಯಾಗಿನವ ಹೆಸರು ಕೇಳಿದ, ವಯಸ್ಸು ಕೇಳಿದ, ತಲಿ ಎತ್ತದಂಗ ಜೋರಾಗಿ ಕೇಳಿದ, ಮೊದಲು ಏನರೆ ದೊಡ್ಡ ಜಡ್ಡು ಆಗಿತ್ತೇನು?

ಕಿಟಕಿಗೆ ಮುಂದ ನಿಂತವರು ನಮ್ಮ ಮನಿಯವರು. ಯಾವಾಗಲೂ ಅವರೇ ಉತ್ತರಾ ಕೊಡೋರು. ಈ ಸಲ ಅವರು ಬಾಯಿ ತೆರೀಲಿಲ್ಲ. ಬಾಜು ಸರದು ನನ್ನನ್ನ ಕಿಟಕಿ ಮುಂದ ಬಿಟ್ರು. ನನ್ನ ಕಡಿ ತಿರುಗಿ, ಕುರಿ ಹಿಂಡಿನಾಗ ತಮ್ಮಗ ಕೇಳೋ ಅದೇ ಮೆತ್ತನ ದನಿಯಾಗ ಕೇಳಿದ್ರು.

“ಆಗಿತ್ತೇನು? ನೀ ಹೇಳು.”

ಹಿಂದಿನಾಕಿ ಉಸುರು ನನ್ನ ಹೆಗಲಿಗೆ ತಾಗತಿತ್ತು. ನಾ ಎದಿ ತುಂಬ ಗಾಳಿ ಎಳಕೊಂಡೆ, ಅಷ್ಟು ಗಾಳಿ ಒಳಗ ಹೋತು ಅನ್ನೋದೇ ನಂಗ ಅಚ್ಚರಿ, ಎಲ್ಲಾರಿಗೂ ಕೇಳೋ ಹಂಗ ಹೇಳಿದೆ.

“ಹೌದ್ರಿ. ಟಿಬಿ ಆಗಿತ್ತು. ನಾಲ್ಕು ತಿಂಗಳು ಗುಳಿಗಿ ತಗೊಂಡೀನಿ. ಬರಕೋರಿ.”